ಬಯಲಿನ ಹೆಸರು ಯಾವ ಪುಸ್ತಕದಲ್ಲಿದೆ?

1976ರ ಮೇ 27, ಜೂನ್ 11, ಜುಲೈ 14. ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಾನವನ್ನು ದಾಖಲೆಯಿಂದ ಅಳಿಸಲು ಈ ಮೂರು ದಿನಾಂಕಗಳು ಸಾಕಾದವು. ಮೊದಲ ಎರಡು ದಿನ ಹೊರಟದ್ದು ರಾಜ್ಯ ಸರ್ಕಾರದ ಆದೇಶ. ಮೂರನೆಯ ದಿನ ಆದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿರ್ಣಯ. ಸ್ಯಾಂಕಿ ಕೆರೆಯ ಬದಿಯ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗ ಆಸ್ಪತ್ರೆ ಕಟ್ಟಲು ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ ಹಂಚಿಕೆಯಾಯಿತು. ಕೊಡುವುದಕ್ಕೆ ಏಳು ವಾರ ಹಿಡಿಯಿತು. ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟಿನಿಂದ ಹೇಳಿಸಲು ಅಲ್ಲಿನ ನಿವಾಸಿಗಳಿಗೆ ಹದಿನೈದು ವರ್ಷ ಹಿಡಿಯಿತು.

ಆಟದ ಮೈದಾನಗಳಿಗೆ ಸರ್ಕಾರ ಕೊಡುವ ಅನುದಾನದ ಜಾಡು ಹಿಡಿದು ಹೊರಟಾಗ ನನ್ನ ಕೈಗೆ ಸಿಕ್ಕ ಮೊದಲ ಗಟ್ಟಿ ದಾಖಲೆ ಈ ತೀರ್ಪು. ನಾನು ತಿಳಿಯಬೇಕೆಂದಿದ್ದದ್ದು ಇಷ್ಟೇ. ಊರಿನ ಕಬಡ್ಡಿ ಅಂಕಣಕ್ಕೆ, ವಾಲಿಬಾಲ್ ಕೋರ್ಟಿಗೆ, ಗರಡಿ ಮನೆಗೆ, ತಾಲ್ಲೂಕು ಕ್ರೀಡಾಂಗಣಕ್ಕೆ ಹಣ ಮಂಜೂರಾಗುತ್ತದೆ. ಶಂಕುಸ್ಥಾಪನೆಯ ಕಲ್ಲು ನಿಲ್ಲುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ಊರಿನ ಮಕ್ಕಳು ಅದೇ ನೆಲದ ಮೇಲೆ ಆಡುತ್ತಾರೆ ಎನ್ನುವುದಕ್ಕೆ ಜಾಮೀನಾಗಿ ನಿಲ್ಲುವ ಕಾಗದ ಯಾವುದು? ಅದು ಹಣದ ಕಡತದಲ್ಲಿದೆಯೋ, ನೆಲದ ಕಡತದಲ್ಲಿದೆಯೋ?

ತೀರ್ಪಿನಿಂದಲೇ ಶುರು ಮಾಡುತ್ತೇನೆ. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂಬ ಈ ಮೊಕದ್ದಮೆ ಎಐಆರ್ ಎಂಬ ತೀರ್ಪು ಸಂಗ್ರಹದ 1991ರ ಸುಪ್ರೀಂ ಕೋರ್ಟ್ ಸಂಪುಟದ 1902ನೇ ಪುಟದಲ್ಲಿ ಆರಂಭವಾಗುತ್ತದೆ. ಟ್ರಸ್ಟಿನ ವಾದವನ್ನು ಹಗುರವಾಗಿ ಕಾಣಬಾರದು. ಉದ್ಯಾನ ಜನರಿಗೆ ಬೇಕಾದದ್ದು ನಿಜ, ಆಸ್ಪತ್ರೆಯೂ ಬೇಕಾದದ್ದೇ ಅಲ್ಲವೇ? ಒಂದು ನಾಗರಿಕ ಸೌಲಭ್ಯದ ಜಾಗದಲ್ಲಿ ಇನ್ನೊಂದು ಬಂದರೆ ಯಾರಿಗೆ ನಷ್ಟ? ಹೈಕೋರ್ಟಿನ ಏಕಸದಸ್ಯ ಪೀಠ ನಿವಾಸಿಗಳ ಅರ್ಜಿಯನ್ನು ವಜಾ ಮಾಡಿತ್ತು. ವಿಭಾಗೀಯ ಪೀಠ ನಿವಾಸಿಗಳ ಕಡೆಗೆ ತೀರ್ಪು ಕೊಟ್ಟಿತು. ಟ್ರಸ್ಟ್ ದೆಹಲಿಗೆ ಹೋಯಿತು. 1991ರ ಜುಲೈ 19ರಂದು ನ್ಯಾಯಮೂರ್ತಿಗಳಾದ ಟಿ. ಕೊಚ್ಚು ತೊಮ್ಮನ್ ಮತ್ತು ಆರ್.ಎಂ. ಸಹಾಯ್ ಮೇಲ್ಮನವಿಯನ್ನು ತಳ್ಳಿಹಾಕಿದರು.

ಇಬ್ಬರೂ ಬೇರೆ ಬೇರೆಯಾಗಿ ಬರೆದಿದ್ದಾರೆ, ಇಬ್ಬರ ಬರಹವನ್ನೂ ಪೂರ್ತಿ ಓದಬೇಕು. ಬಡಾವಣೆಯ ಯೋಜನೆ ಒಮ್ಮೆ ಅಂತಿಮವಾದ ಮೇಲೆ ಅದನ್ನು ಬದಲಿಸುವ ಅಧಿಕಾರ ಕಾಯ್ದೆಯ ಪ್ರಕಾರ ಪ್ರಾಧಿಕಾರದ್ದು. ಅದೂ ಯೋಜನೆ ಸುಧಾರಿಸುವಂತಿದ್ದರೆ ಮಾತ್ರ. ಇಲ್ಲಿ ಪ್ರಾಧಿಕಾರ ತಾನಾಗಿ ಯೋಚಿಸಲೇ ಇಲ್ಲ. ಮುಖ್ಯಮಂತ್ರಿಗಳ ಮಟ್ಟದಿಂದ ಬಂದ ಆದೇಶಕ್ಕೆ ತಲೆಬಾಗಿತು. ಕಾಯ್ದೆಯ ಉದ್ದೇಶ ನೆರವೇರಿಸಲು ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಆ ಉದ್ದೇಶವನ್ನೇ ಮುರಿಯುವ ನಿರ್ದೇಶನ ಕೊಡುವ ಅಧಿಕಾರವಿಲ್ಲ. ಎಲ್ಲರ ಉದ್ಯಾನವನ್ನು ಕೆಲವರ ನರ್ಸಿಂಗ್ ಹೋಮ್ ಮಾಡುವುದು ಸುಧಾರಣೆ ಆಗಲಾರದು. ಹಿಂದೆ ಉದ್ಯಾನವೆಂದರೆ ಅರಸರ, ಸಿರಿವಂತರ ಸೊತ್ತಾಗಿತ್ತು, ಸಾಮಾನ್ಯನ ಮಹತ್ವವನ್ನು ಒಪ್ಪಿಕೊಂಡ ಕಾಲದಲ್ಲಿ ಅದು ಎಲ್ಲರದಾಯಿತು ಎಂಬ ಇತಿಹಾಸವನ್ನೂ ನ್ಯಾಯಮೂರ್ತಿ ಸಹಾಯ್ ನೆನಪಿಸುತ್ತಾರೆ. ಬಡಾವಣೆಯಲ್ಲಿ ವಾಸಿಸುವ ಯಾರೇ ಆದರೂ ಇದನ್ನು ಪ್ರಶ್ನಿಸಬಹುದು, ಅವರಿಗೆ ಆ ಹಕ್ಕಿದೆ ಎಂಬ ಮಾತು ಮುಂದಿನ ಎಷ್ಟೋ ಹೋರಾಟಗಳಿಗೆ ಆಸರೆಯಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಅಂಶ. ಈ ನಿವಾಸಿಗಳು ಗೆದ್ದದ್ದು ಉದ್ಯಾನ ಒಳ್ಳೆಯದು ಎಂಬ ಕಾರಣಕ್ಕೆ ಅಲ್ಲ. ಆ ಜಾಗ ‘ಉದ್ಯಾನ’ ಎಂದು ಒಂದು ಕಾನೂನುಬದ್ಧ ಯೋಜನೆಯಲ್ಲಿ, 1945ರ ಬೆಂಗಳೂರು ನಗರಾಭಿವೃದ್ಧಿ ಕಾಯ್ದೆಯಡಿ ತಯಾರಾದ ಯೋಜನೆಯಲ್ಲಿ, ಮೊದಲೇ ಬರೆದಿತ್ತು. ಆ ಒಂದು ನಮೂದನೆ ಇರದಿದ್ದರೆ ವಾದ ಮಾಡಲು ವಕೀಲರಿಗೆ ಹಿಡಿಯೇ ಸಿಗುತ್ತಿರಲಿಲ್ಲ.

ಹಾಗಾದರೆ ಆ ನಮೂದನೆಗೆ ಕಾನೂನು ಕೊಟ್ಟಿರುವ ಬಲ ಎಷ್ಟು? ಅದನ್ನು ಹುಡುಕಲು ಕಾಯ್ದೆ ಪುಸ್ತಕಗಳ ಕಡೆ ಹೋದೆ. ಮುದ್ದಪ್ಪ ಮೊಕದ್ದಮೆ ನ್ಯಾಯಾಲಯಗಳಲ್ಲಿ ಇರುವಾಗಲೇ, 1984ರಲ್ಲಿ, ಬಿಡಿಎ ಕಾಯ್ದೆಗೆ ತಿದ್ದುಪಡಿ ಬಂತು. ಹೊಸ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕು, ಅದರ ಮೇಲೆ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಬಿಡಬೇಕು. 38-ಎ ಪ್ರಕರಣ ಇನ್ನೂ ಕಟುವಾದದ್ದು: ಹೀಗೆ ಕಾದಿರಿಸಿದ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ವಿಲೇವಾರಿ ಮಾಡುವಂತಿಲ್ಲ, ಮಾಡಿದರೆ ಆ ವಿಲೇವಾರಿ ಶೂನ್ಯ. ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಈ ತಿದ್ದುಪಡಿಯನ್ನೂ ಎತ್ತಿ ಹೇಳಿದೆ. ಮರುವರ್ಷ, 1985ರಲ್ಲಿ, ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ಸಂರಕ್ಷಣೆಗೆಂದೇ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿತು. ತಮಿಳುನಾಡು ಇಂಥದ್ದೊಂದನ್ನು 1959ರಲ್ಲೇ ಮಾಡಿಕೊಂಡಿತ್ತು.

1985ರ ಕಾಯ್ದೆಯನ್ನು ಓದುತ್ತಾ ಹೋದಂತೆ ಅದರ ಜೀವ ಎಲ್ಲಿದೆ ಎಂಬುದು ತಿಳಿಯುತ್ತದೆ. ಅದು ಇರುವುದು ಪಟ್ಟಿಯಲ್ಲಿ. ಸ್ಥಳೀಯ ಸಂಸ್ಥೆ ತನ್ನ ಎಲ್ಲೆಯೊಳಗಿನ ಉದ್ಯಾನಗಳ, ಆಟದ ಬಯಲುಗಳ ಪಟ್ಟಿ ತಯಾರಿಸಬೇಕು, ಸರ್ಕಾರಕ್ಕೆ ಕಳಿಸಬೇಕು, ಅದು ಪ್ರಕಟವಾಗಬೇಕು. ಪಟ್ಟಿಯಲ್ಲಿರುವ ಬಯಲನ್ನು ಬೇರೆ ಕೆಲಸಕ್ಕೆ ಬಳಸುವುದಕ್ಕೆ, ಪರಭಾರೆ ಮಾಡುವುದಕ್ಕೆ ತಡೆ ಇದೆ. ಪಟ್ಟಿಯಲ್ಲಿ ಇಲ್ಲದ ಬಯಲು? ನಿಮ್ಮ ಅಜ್ಜ ಆಡಿದ್ದು, ಅಪ್ಪ ಆಡಿದ್ದು, ಪ್ರತಿ ದಸರೆಗೆ ಅಲ್ಲಿ ಕುಸ್ತಿ ನಡೆಯುವುದು, ಇವು ಯಾವುವೂ ತಾವಾಗಿಯೇ ಆ ಪಟ್ಟಿಗೆ ಏರುವುದಿಲ್ಲ. ಒಬ್ಬ ಅಧಿಕಾರಿ ಬರೆಯಬೇಕು, ಇನ್ನೊಬ್ಬ ಅಧಿಕಾರಿ ಸಹಿ ಹಾಕಬೇಕು. ಬರೆಸುವ ಜವಾಬ್ದಾರಿ ನಮ್ಮದಲ್ಲ ಎಂದು ಊರಿನವರು ಸುಮ್ಮನೆ ಕೂತರೆ ಎಂಥ ಕಾಯ್ದೆ ಇದ್ದೂ ಅಷ್ಟೇ.

ಇದು ನಗರದ ಕಥೆ. ಹಳ್ಳಿಯ ಬಯಲಿಗೆ ಬಡಾವಣೆಯ ಯೋಜನೆಯೂ ಇಲ್ಲ, ಶೇ 15ರ ಲೆಕ್ಕವೂ ಇಲ್ಲ. ಅಲ್ಲಿ ಆಟ ನಡೆಯುವುದು ಗೋಮಾಳದಲ್ಲಿ, ಗುಂಡುತೋಪಿನ ಅಂಚಿನಲ್ಲಿ, ಕೆರೆಯ ಅಂಗಳ ಒಣಗಿದಾಗ ಅಲ್ಲಿ, ಸಂತೆ ಇಲ್ಲದ ದಿನ ಸಂತೆ ಮಾಳದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸರ್ಕಾರಿ ಶಾಲೆಯ ಮುಂದೆ. ಸಂವಿಧಾನದ ಅನುಸೂಚಿಗಳನ್ನು ತೆರೆದು ನೋಡಿದರೆ ನಗರ ಮತ್ತು ಹಳ್ಳಿಯ ಈ ಅಂತರ ಅಲ್ಲೂ ಕಾಣುತ್ತದೆ. ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳನ್ನು ಹೇಳುವ 12ನೇ ಅನುಸೂಚಿಯ 18 ಬಾಬುಗಳಲ್ಲಿ 12ನೆಯದು ಉದ್ಯಾನ, ತೋಟ, ಆಟದ ಮೈದಾನಗಳಂಥ ಸೌಲಭ್ಯ. ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ 29 ಬಾಬುಗಳಿವೆ. ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆಗಳಿವೆ, ಆಟವೂ ಇಲ್ಲ, ಆಟದ ಮೈದಾನವೂ ಇಲ್ಲ. ಕ್ರೀಡೆ ಎಂಬುದು ರಾಜ್ಯ ಪಟ್ಟಿಯ 33ನೇ ನಮೂದಿನಲ್ಲಿ ನಾಟಕ, ಸಿನಿಮಾ, ಮನರಂಜನೆಗಳ ಸಾಲಿನಲ್ಲಿ ಕೂತಿದೆ. ದೇಶದ ಬಹುಪಾಲು ಮಕ್ಕಳು ಆಡುವ ನೆಲದ ಬಗ್ಗೆ ನಮ್ಮ ಮೂಲ ಗ್ರಂಥವೇ ಮೌನವಾಗಿರುವುದು ನನಗೆ ನೋವು ತಂದಿತು.

ಹಣದ ಕಡತ ಮೌನವಾಗಿಲ್ಲ. ಅದು ಸಾಕಷ್ಟು ಮಾತಾಡುತ್ತದೆ.

2008-09ರಲ್ಲಿ ಕೇಂದ್ರ ಸರ್ಕಾರ ‘ಪಂಚಾಯತ್ ಯುವ ಕ್ರೀಡಾ ಔರ್ ಖೇಲ್ ಅಭಿಯಾನ್’ ಆರಂಭಿಸಿತು. ಪೈಕಾ ಎಂದು ಹಳ್ಳಿಗಳಲ್ಲೂ ಹೆಸರಾಗಿದ್ದ ಯೋಜನೆ ಇದು. ಹತ್ತು ವರ್ಷದಲ್ಲಿ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನೂ 6,400 ಬ್ಲಾಕ್ ಪಂಚಾಯಿತಿಗಳನ್ನೂ ಮುಟ್ಟುವ ಗುರಿ ಅದಕ್ಕಿತ್ತು. ಲೆಕ್ಕ ಹೀಗಿತ್ತು: ಗ್ರಾಮ ಪಂಚಾಯಿತಿಗೆ ಮೈದಾನ ಸಜ್ಜುಗೊಳಿಸಲು ಒಂದು ಸಲದ ಅನುದಾನ 1 ಲಕ್ಷ ರೂಪಾಯಿ, ಸಲಕರಣೆಗೆ ವರ್ಷಕ್ಕೆ 10,000, ನಿರ್ವಹಣೆಗೆ ವರ್ಷಕ್ಕೆ 12,000. ಬ್ಲಾಕಿಗೆ 5 ಲಕ್ಷ, 20,000, 24,000. ವಾರ್ಷಿಕ ಅನುದಾನ ಐದು ವರ್ಷದವರೆಗೆ. ಮಕ್ಕಳನ್ನು ಆಡಿಸಲು ‘ಕ್ರೀಡಾಶ್ರೀ’ ಎಂಬ ಸ್ವಯಂಸೇವಕರು ಇರಬೇಕು, ಹಳ್ಳಿಯ ಕ್ರೀಡಾಶ್ರೀಗೆ ತಿಂಗಳಿಗೆ 500 ರೂಪಾಯಿ ಗೌರವಧನ.

1 ಲಕ್ಷ ರೂಪಾಯಿಯಲ್ಲಿ ನೆಲ ಸಮ ಮಾಡಿಸಬಹುದು, ಗೋಲ್ ಕಂಬ ನೆಡಿಸಬಹುದು, ಒಂದು ಬದಿಗೆ ತಂತಿ ಬೇಲಿ ಹಾಕಿಸಬಹುದು. ನೆಲ ಕೊಳ್ಳಲಾಗದು. ನೆಲ ಊರಿನಲ್ಲೇ ಇದೆ, ಯಾರೋ ಕೊಡುತ್ತಾರೆ ಎಂದು ನಂಬಿಕೊಂಡ ಯೋಜನೆ ಅದು. ಆ ನಂಬಿಕೆಯಲ್ಲೇ ಅದರ ದೌರ್ಬಲ್ಯ ಇತ್ತು ಎಂದು ನಾನು ತಿಳಿಯುತ್ತೇನೆ. ಹತ್ತು ವರ್ಷಕ್ಕೆಂದು ಹೊರಟದ್ದು ಅದರ ಅರ್ಧ ದಾರಿ ದಾಟುತ್ತಿದ್ದಂತೆ ನಿಂತಿತು. 2014ರ ಫೆಬ್ರುವರಿಯಲ್ಲಿ ಅದರ ಜಾಗಕ್ಕೆ ರಾಜೀವ್ ಗಾಂಧಿ ಖೇಲ್ ಅಭಿಯಾನ್ ಬಂತು. ಪ್ರತಿ ಬ್ಲಾಕಿಗೆ 6ರಿಂದ 7 ಎಕರೆಯಲ್ಲಿ ಒಂದು ಕ್ರೀಡಾ ಸಂಕೀರ್ಣ, ಹೊರಾಂಗಣಕ್ಕೆ 80 ಲಕ್ಷ, ಒಳಾಂಗಣಕ್ಕೆ 80 ಲಕ್ಷ. ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಇನ್ನೆರಡು ಯೋಜನೆಗಳ ಜೊತೆ ಸೇರಿ ‘ಖೇಲೋ ಇಂಡಿಯಾ’ ಆಯಿತು. 2017-18ರಿಂದ 2019-20ರವರೆಗಿನ ಮೂರು ವರ್ಷಕ್ಕೆ ಕೇಂದ್ರ ಸಂಪುಟ ಇದಕ್ಕೆ ಒಪ್ಪಿದ ಮೊತ್ತ 1,756 ಕೋಟಿ ರೂಪಾಯಿ. ಆಗ ಅದರ 12 ವಿಭಾಗಗಳಲ್ಲಿ ಆಟದ ಬಯಲುಗಳ ಅಭಿವೃದ್ಧಿಯೂ ಒಂದಾಗಿತ್ತು. ದೇಶದ ಬಯಲುಗಳನ್ನು ಗುರುತಿಸಿ ಡಿಜಿಟಲ್ ನಕ್ಷೆಗೆ ಏರಿಸಬೇಕೆಂಬ ಮಾತು ಆ ವಿಭಾಗದಲ್ಲಿತ್ತು. ಒಳ್ಳೆಯ ಕೆಲಸವೇ. ಆದರೆ ನಕ್ಷೆಯಲ್ಲಿನ ಚುಕ್ಕೆ ಹಕ್ಕುಪತ್ರ ಅಲ್ಲ. ತಹಶೀಲ್ದಾರರ ಕಚೇರಿಯ ವಹಿಯಲ್ಲಿ ಬೇರೆ ಇದ್ದರೆ ನ್ಯಾಯಾಲಯ ನಂಬುವುದು ಆ ವಹಿಯನ್ನು.

ಅನುದಾನಕ್ಕೆ ಕಾವಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 9ನೇ ಅಧ್ಯಾಯ ಅನುದಾನ ಮತ್ತು ಸಾಲಗಳ ಕಾವಲಿಗೆ ಮೀಸಲು. ಹಣ ಪಡೆದ ಸಂಸ್ಥೆ ಆರ್ಥಿಕ ವರ್ಷ ಮುಗಿದು 12 ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಪೂರ್ತಿಯಾಗಿಯೋ ಬಹುಪಾಲೋ ಅನುದಾನದಿಂದ ಆದ ಆಸ್ತಿಯನ್ನು, ಅನುದಾನ ಕೊಟ್ಟ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. 1971ರ ಮಹಾಲೇಖಪಾಲರ (ಸಿಎಜಿ) ಕಾಯ್ದೆಯ 14ನೇ ಪ್ರಕರಣದಡಿ, ಒಂದು ಸಂಸ್ಥೆಗೆ ಬಂದ ಸರ್ಕಾರಿ ಹಣ 25 ಲಕ್ಷಕ್ಕೆ ಕಡಿಮೆ ಇಲ್ಲದೆ ಅದರ ಒಟ್ಟು ಖರ್ಚಿನ ಶೇ 75ಕ್ಕೂ ಕಡಿಮೆ ಇಲ್ಲದಿದ್ದರೆ ಸಿಎಜಿ ಅದರ ಲೆಕ್ಕ ನೋಡುತ್ತಾರೆ. ಊರಿನ ಯುವಕ ಸಂಘಕ್ಕೆ ಬಂದ ಎರಡು ಮೂರು ಲಕ್ಷ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ, ಆ ಮಾತು ಬೇರೆ.

ಈ ನಿಯಮಗಳನ್ನು ಒಂದಕ್ಕೊಂದು ಹೊಂದಿಸಿ ಓದಿದಾಗ ಕಾಣುವ ಬಿರುಕು ಒಂದೇ. ಅನುದಾನದ ಷರತ್ತು ಕಾಯುವುದು ಅನುದಾನದಿಂದ ಹುಟ್ಟಿದ್ದನ್ನು. ಮೆಟ್ಟಿಲುಸಾಲು, ಬೇಲಿ, ದೀಪದ ಕಂಬ, ಕುಸ್ತಿ ಮ್ಯಾಟು ಇವಕ್ಕೆ ರಕ್ಷಣೆ ಇದೆ. ಇವೆಲ್ಲ ನಿಂತಿರುವ ನೆಲ ಅನುದಾನದಿಂದ ಬಂದದ್ದಲ್ಲ, ಹಾಗಾಗಿ ಆ ಷರತ್ತು ನೆಲವನ್ನು ನೇರವಾಗಿ ಮುಟ್ಟುವುದಿಲ್ಲ. ನೆಲದ ವಿಷಯ ಕಂದಾಯ ಇಲಾಖೆಯದು, ಹಣದ ವಿಷಯ ಕ್ರೀಡಾ ಇಲಾಖೆಯದು, ಕೆಲಸದ ವಿಷಯ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು ಅಥವಾ ಲೋಕೋಪಯೋಗಿಯದು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಇವು ಎಳೆಯುವಾಗ ನೊಗ ಮುರಿಯುವುದು ಮಕ್ಕಳದು.

ಇದರ ನಡುವೆ ಒಂದು ಪುಸ್ತಕದಲ್ಲಿ ಮಾತ್ರ ಹಳ್ಳಿಯ ಆಟದ ಬಯಲು ತನ್ನ ಹೆಸರಿನಲ್ಲೇ ಕಾಣಿಸಿಕೊಂಡದ್ದನ್ನು ಕಂಡು ಸಂತೋಷವಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯ 1ನೇ ಅನುಸೂಚಿಯಲ್ಲಿ, ಮಾಡಬಹುದಾದ ಕಾಮಗಾರಿಗಳ ಪಟ್ಟಿಗೆ ಆಟದ ಮೈದಾನ ಸೇರಿತ್ತು. ಕರ್ನಾಟಕದ ಎಷ್ಟೋ ಶಾಲೆಗಳ ಅಂಗಳ ನರೇಗಾ ಕೂಲಿಕಾರರ ಗುದ್ದಲಿಯಿಂದ ಸಮವಾಯಿತು. ಗುತ್ತಿಗೆದಾರ ಇರಲಿಲ್ಲ, ಸಾಮಗ್ರಿಯ ಖರ್ಚು ಶೇ 40ನ್ನು ಮೀರುವಂತಿರಲಿಲ್ಲ, ಉಳಿದದ್ದು ಊರಿನವರ ಕೂಲಿ. ಇದಕ್ಕಾಗಿ ಪಂಚಾಯಿತಿ ಇಡಬೇಕಿದ್ದ ಏಳು ವಹಿಗಳಲ್ಲಿ ಸ್ಥಿರಾಸ್ತಿ ವಹಿಯೂ ಒಂದು. ಇಂಥ ವರ್ಷ, ಇಂಥ ಕಡೆ, ಇಷ್ಟು ಖರ್ಚಿನಲ್ಲಿ ಆಟದ ಮೈದಾನ ಆಯಿತು ಎಂಬ ನಮೂದು ಅಲ್ಲಿರಬೇಕು. ತಾವು ಆಡಿದ ನೆಲವನ್ನು ತಾವೇ ಕೂಲಿ ಮಾಡಿ ಕಟ್ಟಿದ ತಾಯಂದಿರ ಹಾಜರಿ ಪಟ್ಟಿ, ಆ ಬಯಲು ಊರಿನದು ಎನ್ನುವುದಕ್ಕೆ ನನ್ನ ಪ್ರಕಾರ ಬಲವಾದ ಸಾಕ್ಷಿ. ವಿವಾದ ಬಂದ ದಿನ ಅದನ್ನು ತೆಗೆದು ತೋರಿಸುವವರು ಬೇಕು.

ಆದರೂ ಸಾಕ್ಷಿ ಬೇರೆ, ಹಕ್ಕು ಬೇರೆ. ಹಕ್ಕು ಇರುವುದು ಪಹಣಿಯಲ್ಲಿ. ಪಹಣಿಯ 9ನೇ ಕಲಂ ಸ್ವಾಧೀನದಾರರದು, 11ನೇ ಕಲಂ ಇತರ ಹಕ್ಕುಗಳು ಮತ್ತು ಋಣಗಳದು. ಊರಿನ ಮೈದಾನದ ಸರ್ವೆ ನಂಬರಿನ ಪಹಣಿ ತೆಗೆಸಿದರೆ ‘ಸರ್ಕಾರಿ’ ಎಂದಿರಬಹುದು, ‘ಗೋಮಾಳ’ ಎಂದಿರಬಹುದು, ನೂರು ವರ್ಷದ ಹಿಂದೆ ಜಾಗ ಬಿಟ್ಟುಕೊಟ್ಟ ಮನೆತನದ ಹೆಸರೇ ಇನ್ನೂ ಇರಬಹುದು. ಶಾಲೆಗೆ ಬಾಯಿಮಾತಿನಲ್ಲಿ ದಾನ ಕೊಟ್ಟ ನೆಲಗಳ ಸಂಕಟ ಇದೇ. ಕೊಟ್ಟವರು ದೊಡ್ಡ ಮನಸ್ಸಿನವರು, ಪಡೆದ ಊರು ಅವರನ್ನು ನೆನೆಯುತ್ತದೆ. ಆದರೆ ಸ್ಥಿರಾಸ್ತಿಯ ದಾನ ನೋಂದಣಿ ಆಗಲೇಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಪ್ರಕರಣ ಹೇಳುತ್ತದೆ. ನೋಂದಣಿ ಆಗದಿದ್ದರೆ, ನೆಲದ ಬೆಲೆ ಏರಿದ ಕಾಲಕ್ಕೆ ಮೊಮ್ಮಕ್ಕಳು ಬಂದು ಜಾಗ ನಮ್ಮದು ಎನ್ನಲು ದಾರಿ ತೆರೆದಂತೆ.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಕಲಂ ಇದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಪ್ರಕರಣ. ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶವೊಂದಕ್ಕೆ ಮೀಸಲಿಡುವ ಅಧಿಕಾರವನ್ನು ಅದು ಜಿಲ್ಲಾಧಿಕಾರಿಗೆ ಕೊಡುತ್ತದೆ. ಹಾಗೆ ಮೀಸಲಿಟ್ಟ ಮೇಲೆ ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಸ್ಮಶಾನಕ್ಕೆ, ಗೋಮಾಳಕ್ಕೆ ಊರಿನವರು ಪಟ್ಟು ಹಿಡಿದು ಇದನ್ನು ಮಾಡಿಸಿಕೊಳ್ಳುತ್ತಾರೆ. ಆಟದ ಬಯಲಿಗೂ ಅದೇ ದಾರಿ ಇದೆ. ಕೋಟಿ ರೂಪಾಯಿಯ ಕ್ರೀಡಾಂಗಣಕ್ಕಿಂತ ಒಂದು ಪುಟದ ಈ ಆದೇಶ ಮಕ್ಕಳಿಗೆ ಹೆಚ್ಚು ಉಪಕಾರ ಮಾಡೀತು ಎನ್ನುವುದು ಈ ಹುಡುಕಾಟದಿಂದ ನನಗೆ ಬಂದ ದೃಢವಾದ ಅಭಿಪ್ರಾಯ.

ಹಣ ಮತ್ತು ನೆಲ ಒಂದೇ ಕಾಗದದಲ್ಲಿ ಕೂಡಿದ ಉದಾಹರಣೆ ಇದೆಯೇ ಎಂದು ಹುಡುಕಿದೆ. ನಮ್ಮ ಕೇಂದ್ರ ಸರ್ಕಾರ 2009ರಲ್ಲಿ ರಾಷ್ಟ್ರೀಯ ಆಟದ ಮೈದಾನಗಳ ಸಂಘ ಎಂಬುದನ್ನು ನೋಂದಾಯಿಸಿತು. ಮೈದಾನಗಳ ರಕ್ಷಣೆಗೆ ರಾಷ್ಟ್ರೀಯ ನೀತಿ ರೂಪಿಸುವುದು ಅದರ ಉದ್ದೇಶ. ಇದೇ ಹೆಸರಿನ ಸಂಘ ಬ್ರಿಟನ್ನಿನಲ್ಲಿ 1925ರಲ್ಲೇ ಹುಟ್ಟಿತ್ತು. ಈಗ ಅದು ‘ಫೀಲ್ಡ್ಸ್ ಇನ್ ಟ್ರಸ್ಟ್’ ಎನಿಸಿಕೊಂಡಿದೆ. 1936ರಲ್ಲಿ ಐದನೆಯ ಜಾರ್ಜ್ ದೊರೆ ತೀರಿಕೊಂಡಾಗ ಅವನ ನೆನಪಿಗೆ ಪ್ರತಿಮೆ ನಿಲ್ಲಿಸುವುದರ ಜೊತೆಗೆ ಊರೂರಿನಲ್ಲಿ ಆಟದ ಬಯಲು ಮಾಡಲು ನಿಧಿ ಕೂಡಿಸಿದರು. ಬಯಲು ಮಾಡಿಕೊಳ್ಳಲು ಆ ನಿಧಿಯಿಂದ ಅನುದಾನ ಸಿಗುತ್ತಿತ್ತು, ಆದರೆ ಆ ನೆಲವನ್ನು ಆಟಕ್ಕೆಂದೇ ಶಾಶ್ವತವಾಗಿ ಕಾಪಾಡುವ ಕರಾರಿನ ಮೇಲೆ. ಪ್ರತಿಷ್ಠಾನ 1965ರಲ್ಲಿ ಮುಚ್ಚುವ ಹೊತ್ತಿಗೆ ಅಂಥ 471 ಬಯಲುಗಳಿದ್ದವು. ಅನುದಾನ ಕೊಡುವ ಗಳಿಗೆಯೇ ಕೊಡುವವನ ಕೈ ಮೇಲಿರುವ ಗಳಿಗೆ. ಆಗಲೇ ನೆಲದ ಪತ್ರ ಬರೆಸಿಕೊಳ್ಳಬೇಕು ಎಂಬುದನ್ನು ಅವರು ತಿಳಿದಿದ್ದರು.

ಅದೇ ದೇಶದಲ್ಲಿ ಪತ್ರ ಮರೆತ ಊರಿನ ಕಥೆಯೂ ಸಿಕ್ಕಿತು. ಶ್ರೂಸ್‌ಬರಿ ಎಂಬ ಪಟ್ಟಣದಲ್ಲಿ ಗ್ರೀನ್‌ಫೀಲ್ಡ್ಸ್ ಎಂಬ ಸಾರ್ವಜನಿಕ ಆಟದ ಬಯಲಿದೆ. ನೆಲವನ್ನು 1926ರಲ್ಲಿ ಪುರಸಭೆ ಕೊಂಡಿತ್ತು. 1906ರ ತೆರೆದ ಸ್ಥಳಗಳ ಕಾಯ್ದೆಯ 10ನೇ ಪ್ರಕರಣದ ಪ್ರಕಾರ ಅಂಥ ನೆಲ ಜನರ ಪರವಾಗಿ ಇರಿಸಿಕೊಂಡ ನ್ಯಾಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಒಂದು ಭಾಗದಲ್ಲಿ ತರಕಾರಿ ಬೆಳೆದರು. ಆಮೇಲೆ ಆ ಭಾಗ ಬೇಲಿ ಹಾಕಿಕೊಂಡು ಪಾಳು ಬಿತ್ತು. ತಲೆಮಾರು ಕಳೆದು, ಅದು ಆಟದ ಬಯಲಿನ ಭಾಗ ಎಂಬುದೇ ಪಟ್ಟಣ ಸಭೆಗೆ ಮರೆತುಹೋಗಿ, 2017ರಲ್ಲಿ ಮನೆ ಕಟ್ಟುವ ಕಂಪನಿಗೆ ಮಾರಿಬಿಟ್ಟಿತು. ಇಂಥ ನೆಲ ಮಾರುವ ಮೊದಲು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಜಾಹೀರಾತು ಕೊಟ್ಟು ಆಕ್ಷೇಪಣೆ ಕೇಳಬೇಕೆಂದು 1972ರ ಸ್ಥಳೀಯ ಸರ್ಕಾರ ಕಾಯ್ದೆ ಹೇಳುತ್ತದೆ. ಅದನ್ನು ಮಾಡಲಿಲ್ಲ. ಮನೆ ಕಟ್ಟಲು ಅನುಮತಿಯೂ ಸಿಕ್ಕಿತು.

ಪೀಟರ್ ಡೇ ಎಂಬ ನಿವಾಸಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತರು. 2023ರ ಮಾರ್ಚ್ 1ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಲೇಡಿ ರೋಸ್ ಬರೆದ ಒಮ್ಮತದ ತೀರ್ಪಿನಲ್ಲಿ, ಮನೆ ಕಟ್ಟುವ ಅನುಮತಿಯನ್ನು ರದ್ದು ಮಾಡಿತು. ಕೊಂಡವನ ಖರೀದಿ ಊರ್ಜಿತವಾಗಬಹುದು, ಆದರೆ ಜಾಹೀರಾತು ಕೊಡದೆ ಮಾರಿದ್ದರಿಂದ ಜನರ ಹಕ್ಕು ಅಳಿಯಲಿಲ್ಲ, ಅದು ನೆಲದ ಜೊತೆಯಲ್ಲೇ ಹೊಸ ಒಡೆಯನ ಕೈಗೆ ದಾಟಿತು ಎಂಬುದು ಅದರ ತಿರುಳು. ಮುದ್ದಪ್ಪ ಮೊಕದ್ದಮೆಯನ್ನು ಓದಿ ಇದನ್ನು ಓದಿದರೆ ಎರಡೂ ಒಂದೇ ದಾರಿ ನಡೆದದ್ದು ಕಾಣುತ್ತದೆ: ಹಳೆಯ ಒಂದು ನಮೂದು, ಅದನ್ನು ಮರೆತ ಅಥವಾ ಕಡೆಗಣಿಸಿದ ಆಡಳಿತ, ಅದನ್ನು ಹುಡುಕಿ ತೆಗೆದ ನೆರೆಹೊರೆಯವರು.

ಅದೇ 2023ರ ಮಾರ್ಚಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಹರಿಯಾಣದ ಒಂದು ಹಳ್ಳಿ ಶಾಲೆಯ ಮೈದಾನ ಬಂತು. ಶಾಲೆಗೆ ಸೇರಬೇಕಾದ ನೆಲವನ್ನು ಕೆಲವರು ಒತ್ತುವರಿ ಮಾಡಿ ಮನೆ ಕಟ್ಟಿಕೊಂಡಿದ್ದರು. ಮಾರುಕಟ್ಟೆ ಬೆಲೆ ಕಟ್ಟಿಸಿಕೊಂಡು ಒತ್ತುವರಿಯನ್ನು ಸಕ್ರಮ ಮಾಡುವ ದಾರಿಯನ್ನು ಅಲ್ಲಿನ ಹೈಕೋರ್ಟ್ ತೋರಿಸಿತ್ತು. ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅದನ್ನು ರದ್ದು ಮಾಡಿದರು. ಮೈದಾನ ಇಲ್ಲದ ಶಾಲೆ ಇರಲಾಗದು, ಅಲ್ಲಿನ ಮಕ್ಕಳಿಗೂ ಒಳ್ಳೆಯ ಪರಿಸರದ ಹಕ್ಕಿದೆ ಎಂದು ಹೇಳಿ, ತೆರವು ಮಾಡಲು 12 ತಿಂಗಳ ಕಾಲ ಕೊಟ್ಟರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದ ಸೌಲಭ್ಯಗಳ ಸಾಲಿನಲ್ಲಿ ಆಟದ ಮೈದಾನ ಇದೆ. ಹರಿಯಾಣದ ಈ ತೀರ್ಪಿಗೂ ಮೊದಲು, 2011ರ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರೊಟ್ಟಿನ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ಮಾಡಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಇದೇ ನ್ಯಾಯಾಲಯ ಹೇಳಿತ್ತು. ಹಾಗಾಗಿ ತೀರ್ಪುಗಳ ಕೊರತೆ ನಮಗಿಲ್ಲ.

ಕೊರತೆ ಇರುವುದು ಅನುದಾನದ ಅರ್ಜಿ ನಮೂನೆಯಲ್ಲಿ. ನನ್ನ ಕೈಲಿ ಅಧಿಕಾರ ಇದ್ದಿದ್ದರೆ ಒಂದು ಷರತ್ತು ಸೇರಿಸುತ್ತಿದ್ದೆ: ಯಾವುದೇ ಕ್ರೀಡಾ ಅನುದಾನದ ಮೊದಲ ಕಂತು ಬಿಡುಗಡೆ ಆಗುವ ಮುನ್ನ, ಆ ನೆಲ ನಗರದಲ್ಲಿದ್ದರೆ 1985ರ ಕಾಯ್ದೆಯ ಪಟ್ಟಿಗೆ, ಹಳ್ಳಿಯಲ್ಲಿದ್ದರೆ 71ನೇ ಪ್ರಕರಣದ ಆದೇಶದ ಮೂಲಕ ಪಹಣಿಗೆ ಏರಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೆಚ್ಚಿನ ಹಣ ಬೇಡ. ಕ್ರೀಡಾ ಇಲಾಖೆಯ ಒಂದು ಸುತ್ತೋಲೆ ಸಾಕು. ಇಂಥ ಸುತ್ತೋಲೆ ಬರಲಿ ಎಂದು ಶಾಸಕರನ್ನು ಕೇಳುವುದು ಹೈಮಾಸ್ಟ್ ದೀಪ ಕೇಳುವುದಕ್ಕಿಂತ ಹೆಚ್ಚು ಪ್ರಯೋಜನದ ಬೇಡಿಕೆ.

ಅದು ಬರುವ ತನಕ ಕೆಲಸ ನಮ್ಮದು, ಈ ಲೇಖನ ಓದುತ್ತಿರುವ ನಿಮ್ಮದು. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಉತ್ತರ 30 ದಿನದಲ್ಲಿ ಬರಬೇಕು. ನಿಮ್ಮ ಊರಿನ ಬಯಲಿನ ಸರ್ವೆ ನಂಬರ್ ಯಾವುದು, ಅದರ ಪಹಣಿಯಲ್ಲಿ ಏನಿದೆ, ಅದು ಯಾವುದಾದರೂ ಪಟ್ಟಿಗೋ ಮೀಸಲು ಆದೇಶಕ್ಕೋ ಸೇರಿದೆಯೇ ಎಂದು ಒಂದು ಅರ್ಜಿಯಲ್ಲಿ ಕೇಳಿ. ಅದರ ಮೇಲೆ ಈವರೆಗೆ ಖರ್ಚಾದ ಅನುದಾನದ ಮಂಜೂರಾತಿ ಆದೇಶ ಮತ್ತು ಬಳಕೆ ಪ್ರಮಾಣಪತ್ರದ ಪ್ರತಿಗಳನ್ನು ಇನ್ನೊಂದರಲ್ಲಿ ಕೇಳಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಬಯಲನ್ನು ಆಟಕ್ಕೆ ಮೀಸಲಿಡಬೇಕೆಂದು ನಿರ್ಣಯ ಬರೆಸಿ, ನಿರ್ಣಯದ ಪ್ರತಿಯ ಜೊತೆ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಮನವಿಯ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.